ಎಂಬತ್ತರ ಪುಂಡುವೇಷ

2003ರ ಏಪ್ರಿಲ್ 4ರ ಸಂಜೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಳೆ ಜಡಿಯುತ್ತಿತ್ತು. ರೋಲಿಂಗ್ ಸ್ಟೋನ್ಸ್ ಭಾರತದಲ್ಲಿ ಮೊದಲ ಸಲ ಹಾಡಲು ಬಂದಿದ್ದರು, ಅದೂ ಮುಂಬೈಗಿಂತ ಮೂರು ದಿನ ಮುಂಚೆ ನಮ್ಮೂರಿಗೆ. ಕೆಸರಿನಲ್ಲಿ ಹೂತ ಚಪ್ಪಲಿ ಕೀಳುವುದೋ, ಕತ್ತು ಚಾಚಿ ಸ್ಟೇಜು ನೋಡುವುದೋ ಗೊತ್ತಾಗದೆ ನಿಂತವರಲ್ಲಿ ನಾನೂ ಒಬ್ಬ. ಮಿಕ್ ಜಾಗರ್‌ಗೆ ಆಗ 59. ನಮ್ಮ ರಾಜ್ಯ ಸರ್ಕಾರದ ನೌಕರನಾಗಿದ್ದರೆ ಅಷ್ಟು ಹೊತ್ತಿಗೆ ಶಾಲು, ಹಾರ, ಫಲತಾಂಬೂಲ ಎಲ್ಲ ಮುಗಿದು, ಪಿಂಚಣಿ ಕಾಗದ ಹಿಡಿದು ಖಜಾನೆಗೆ ಅಲೆಯುತ್ತಿರಬೇಕಾದ ವಯಸ್ಸು. ಆತ ಮಾತ್ರ ಸ್ಟೇಜಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ, ಸೊಂಟ ತಿರುಗಿಸುತ್ತಿದ್ದ, ತುಟಿ ಮುಂದೆ ಮಾಡುತ್ತಿದ್ದ. ಪಕ್ಕದಲ್ಲಿದ್ದ ಗೆಳೆಯ ಕಿವಿಯಲ್ಲಿ ಕೂಗಿ ಹೇಳಿದ: "ನಮ್ಮಪ್ಪನಿಗಿಂತ ದೊಡ್ಡವನು ಕಣೋ!"

ನನ್ನ ಕಣ್ಣು ಕಚ್ಚಿಕೊಂಡದ್ದು ಹಿಂದೆ ಕೂತಿದ್ದ ಡ್ರಮ್ಮರ್ ಚಾರ್ಲಿ ವಾಟ್ಸ್ ಮೇಲೆ. ಅವನಿಗೆ 61. ಬ್ಯಾಂಕ್ ಮ್ಯಾನೇಜರಂತೆ ನೆಟ್ಟಗೆ ಕೂತಿದ್ದ. ಪರದೆಯ ಮೇಲೆ ಅವನ ಕೈ ದೊಡ್ಡದಾಗಿ ಕಂಡಾಗ ಒಂದು ವಿಚಿತ್ರ ಗಮನಕ್ಕೆ ಬಂತು: ಎಡಗೈ ಕೋಲು ಸ್ನೇರ್ ಡ್ರಮ್ಮಿಗೆ ಬೀಳುವ ಕ್ಷಣಕ್ಕೆ ಸರಿಯಾಗಿ ಬಲಗೈ ಹೈ-ಹ್ಯಾಟಿನಿಂದ ಮೇಲೆದ್ದು ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಬೇರೆ ಡ್ರಮ್ಮರುಗಳು ಎರಡೂ ಕೈ ಒಟ್ಟಿಗೆ ಹೊಡೆಯುವಲ್ಲಿ ಈತ ಒಂದನ್ನು ಬಿಟ್ಟುಕೊಡುತ್ತಿದ್ದ. ಸ್ಟೋನ್ಸ್ ಹಾಡುಗಳಿಗಿರುವ ಆ ಸಣ್ಣ ತೂಗಾಟ, ಬಿದ್ದೇಬಿಟ್ಟಿತು ಅನ್ನುವಾಗ ಬೀಳದೆ ಉಳಿಯುವ ಲಯ, ಆ ಖಾಲಿ ಜಾಗದಿಂದಲೂ ಬಂದದ್ದು. 2021ರ ಆಗಸ್ಟಿನಲ್ಲಿ ಅವನು ತೀರಿಕೊಂಡ. ಟೂರು ನಿಲ್ಲಲಿಲ್ಲ, ಸ್ಟೀವ್ ಜೋರ್ಡನ್ ಎಂಬ ಬಹಳ ಒಳ್ಳೆಯ ಡ್ರಮ್ಮರ್ ಬಂದು ಕೂತ. ಈಗ ಲಯ ಬಿಗಿಯಾಗಿದೆ, ಎಲ್ಲೂ ತೂಗುವುದಿಲ್ಲ. ನನಗೆ ಅದೇ ತೊಂದರೆ.

ಬೆಂಗಳೂರಿಗರಾದ ನಮಗೆ ರಾಕ್ ಯಾವತ್ತೂ ಮುದುಕರ ಸಂಗೀತವೇ ಆಗಿತ್ತು. ಕ್ಯಾಸೆಟ್ಟಿನಲ್ಲಿ ಕೇಳಿದವರು ಇಪ್ಪತ್ತೈದರ ಹುಡುಗರು. ಅರಮನೆ ಮೈದಾನದಲ್ಲಿ ಕಣ್ಣಿಗೆ ಬಿದ್ದವರು ಅವರ ಅಪ್ಪಂದಿರು. ಡೀಪ್ ಪರ್ಪಲ್, ರೋಜರ್ ವಾಟರ್ಸ್, ಮಾರ್ಕ್ ನಾಪ್ಫ್ಲರ್, 2007ರಲ್ಲಿ ಐರನ್ ಮೇಡನ್ ಮತ್ತು ಏರೋಸ್ಮಿತ್, ಎಲ್ಲರೂ ತಮ್ಮ ಉಚ್ಛ್ರಾಯದ ದಿನ ಕಳೆದ ಮೇಲೆ ಇತ್ತ ತಲೆ ಹಾಕಿದವರು. ಲಂಡನ್ನಿನವನಿಗೆ 1969ರ ಜಾಗರ್‌ನ ನೆನಪಾದರೂ ಇದೆ. ನಮಗೆ ಹೋಲಿಸಿ ಕೊರಗಲು ಅಂಥ ನೆನಪಿಲ್ಲ. ಹಾಗಾಗಿ ಈ ಪರಂಪರೆಯ ಮುಪ್ಪನ್ನು ಸ್ವಲ್ಪ ದೂರ ನಿಂತು ನೋಡುವ ಅನುಕೂಲ ನಮಗಿದೆ ಎಂದುಕೊಂಡಿದ್ದೇನೆ.

ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ವೇಷಕ್ಕೂ ವಯಸ್ಸಿಗೂ ಒಂದು ಲೆಕ್ಕ ಉಂಟು. ಮೇಳ ಸೇರಿದ ಹುಡುಗನಿಗೆ ಕೋಡಂಗಿ, ಬಾಲಗೋಪಾಲ. ಕಾಲು ಗಟ್ಟಿಯಾದ ಮೇಲೆ ಅಭಿಮನ್ಯು, ಬಭ್ರುವಾಹನನಂಥ ಪುಂಡುವೇಷ: ಧೀಂಗಿಣ ಹಾಕಬೇಕು, ಮಂಡಿಯೂರಿ ಸುತ್ತಬೇಕು, ಉಸಿರು ಹಿಡಿದು ಕುಣಿಯಬೇಕು. ಮುಂದೆ ಮಂಡಿ ಕೈಕೊಟ್ಟು ಮಾತು ಮಾಗಿದಾಗ ಪೀಠಿಕೆ ವೇಷ. ಕೂತಲ್ಲೇ ಅರ್ಥ ಹೇಳಿ ಇಡೀ ರಾತ್ರಿಯನ್ನು ಹಿಡಿದಿಡಬಲ್ಲ ಹಿರಿಯರಿದ್ದಾರೆ. ಅರವತ್ತು ದಾಟಿಯೂ ಅಭಿಮನ್ಯು ಮಾಡಿ ಗೆದ್ದವರಿಲ್ಲವೆಂದಲ್ಲ. ಆದರೆ ಅದು ಅವರ ಖುಷಿ, ಅನಿವಾರ್ಯವಲ್ಲ. ರಾಕ್‌ನಲ್ಲಿ ಇರುವುದು ಪುಂಡುವೇಷ ಒಂದೇ. ಆ ವೇಷ ಕಳಚಿದವನಿಗೆ ಚೌಕಿಯಲ್ಲಿ, ಆ ಬಣ್ಣದ ಕೋಣೆಯಲ್ಲಿ, ಇನ್ನೊಂದು ಕಿರೀಟ ಇಟ್ಟಿಲ್ಲ.

ಇದು ಹೀಗಾಗಬೇಕೆಂದೇನೂ ಇರಲಿಲ್ಲ. ರಾಕ್‌ನ ತಾಯಿಬೇರು ಬ್ಲೂಸ್, ಮತ್ತು ಬ್ಲೂಸ್‌ನಲ್ಲಿ ಮುಪ್ಪಿಗೆ ಮರ್ಯಾದೆಯ ಜಾಗವಿತ್ತು. ಸ್ಟೋನ್ಸ್ ತಮ್ಮ ಹೆಸರನ್ನು ತೆಗೆದುಕೊಂಡದ್ದೇ ಮಡ್ಡಿ ವಾಟರ್ಸ್‌ನ 1950ರ ಹಾಡೊಂದರಿಂದ. ಆ ಮಡ್ಡಿ ವಾಟರ್ಸ್ 63ರ ವಯಸ್ಸಿನಲ್ಲಿ, 1977ರಲ್ಲಿ, 'ಹಾರ್ಡ್ ಅಗೇನ್' ಎಂಬ ಆಲ್ಬಮ್ ಮಾಡಿದ. ಅವನ ಅತ್ಯುತ್ತಮ ಕೆಲಸಗಳ ಸಾಲಿನಲ್ಲಿ ಅದನ್ನು ಇಡುವವರಿದ್ದಾರೆ, ನಾನೂ ಇಡುತ್ತೇನೆ. ಜಾನ್ ಲೀ ಹೂಕರ್ ಎಪ್ಪತ್ತು ದಾಟಿದ ಮೇಲೆ 'ದ ಹೀಲರ್' ತಂದ. ಯಾರೂ ಅವರನ್ನು "ಇನ್ನೂ ಹಾಡ್ತಿದ್ದಾನಲ್ಲ" ಎಂದು ಕೇಳಲಿಲ್ಲ. ಬ್ಲೂಸ್ ಹಾಡುವವನು ಬದುಕಿ ಬಂದವನಾಗಿರಬೇಕು ಎಂಬ ನಂಬಿಕೆ ಅಲ್ಲಿತ್ತು. ಆದರೆ 1950ರ ದಶಕದ ಅಮೆರಿಕದಲ್ಲಿ ಹೈಸ್ಕೂಲು ಹುಡುಗರ ಜೇಬಿಗೆ ಮೊದಲ ಬಾರಿ ಖರ್ಚಿನ ಕಾಸು ಬಂತು. ಅದೇ ಸಂಗೀತವನ್ನು ಚುರುಕು ಮಾಡಿ, ಏಳಿಂಚಿನ ರೆಕಾರ್ಡಿನಲ್ಲಿಟ್ಟು, ಅವರಿಗೆ ಮಾರಲು ಹೊರಟವರು ಮುದುಕನನ್ನು ಕವರಿನಿಂದ ಕಿತ್ತುಹಾಕಿದರು. ಮಾರಾಟಗಾರರ ಆ ತೀರ್ಮಾನವೇ ಕಾಲ ಕಳೆದಂತೆ ಸಿದ್ಧಾಂತವಾಯಿತು. 1965ರಲ್ಲಿ ದ ಹೂ ಬ್ಯಾಂಡಿನ ಪೀಟ್ ಟೌನ್ಸೆಂಡ್ 'ಮೈ ಜನರೇಷನ್' ಬರೆದು, ಮುಪ್ಪಿಗಿಂತ ಸಾವು ಲೇಸು ಎಂಬ ಅರ್ಥದ ಮಾತು ಹಾಕಿದಾಗ ಅವನಿಗೆ ಇಪ್ಪತ್ತು. ಎಂಬತ್ತರ ಹೊಸ್ತಿಲಲ್ಲೂ ಅವನು ಆ ಹಾಡನ್ನು ನುಡಿಸುತ್ತಿದ್ದ. ಬರೆದವನನ್ನು ಅವನ ಸಾಲೇ ಬೆನ್ನುಹತ್ತಿದ ಇಂಥ ಉದಾಹರಣೆ ಬೇರೆ ಸಾಹಿತ್ಯದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಇನ್ನು ಕಸುವಿನ ಮಾತು. ಬ್ಯಾಂಡುಗಳು ಯಾವಾಗ ಬತ್ತುತ್ತವೆ? ನಾವೆಣಿಸಿದ್ದಕ್ಕಿಂತ ಬಹಳ ಮೊದಲು. ಸ್ಟೋನ್ಸ್ ಶೋಗಳಲ್ಲಿ ಜನ ಎದ್ದು ಕುಣಿಯುವ 'ಸ್ಟಾರ್ಟ್ ಮಿ ಅಪ್' 1981ರ ಹಾಡು ಎಂದು ಎಲ್ಲರೂ ತಿಳಿದಿದ್ದಾರೆ. ಹಾಡು ಹೊರಬಂದ ವರ್ಷ ಅದು, ಹುಟ್ಟಿದ ವರ್ಷವಲ್ಲ. ಆ ವರ್ಷ ಟೂರು ನಿಗದಿಯಾಗಿತ್ತು, ಅದರ ಬೆನ್ನಿಗೆ ಆಲ್ಬಮ್ ಬೇಕಿತ್ತು. ಜಾಗರ್ ಮತ್ತು ಗಿಟಾರಿಗ ಕೀತ್ ರಿಚರ್ಡ್ಸ್ ಒಂದೆಡೆ ಕೂತು ಹೊಸದು ಬರೆಯುವ ಸ್ಥಿತಿಯಲ್ಲಿರಲಿಲ್ಲ. ರೆಕಾರ್ಡಿಂಗ್ ಎಂಜಿನಿಯರ್ ಕ್ರಿಸ್ ಕಿಮ್ಸಿ ಹಳೆಯ ಟೇಪುಗಳ ರಾಶಿಗೆ ಕೈ ಹಾಕಿದ. 1978ರಲ್ಲಿ ಪ್ಯಾರಿಸ್ಸಿನಲ್ಲಿ ರೆಗೆ ಧಾಟಿಯಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿ, ಕೂಡಿಬರದೆ ಕೈಬಿಟ್ಟ ಹಾಡೊಂದರ ನಡುವೆ ರಾಕ್ ಧಾಟಿಯಲ್ಲಿ ಹಾಗೇ ನುಡಿಸಿದ್ದ ಟೇಕ್ ಸಿಕ್ಕಿತು. ಅದೇ 'ಸ್ಟಾರ್ಟ್ ಮಿ ಅಪ್'. ಅದೇ ಆಲ್ಬಮಿನ ಕೊನೆಯ ಹಾಡು ಇನ್ನೂ ಹಿಂದಿನದು, ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಜಮೈಕಾದಲ್ಲಿ ಉಳಿದುಹೋಗಿದ್ದು. ಅಂದರೆ ಜಗತ್ತು ಅವರ ಕೊನೆಯ ಮಹಾನ್ ಆಲ್ಬಮ್ ಎಂದು ಮೆಚ್ಚುವ 'ಟ್ಯಾಟೂ ಯೂ' ಅಟ್ಟದ ಮೇಲಿನ ಡಬ್ಬಿಗಳಿಂದ ಕೆಳಗಿಳಿಸಿದ ಸರಕು. ಆಗ ಜಾಗರ್‌ಗಿನ್ನೂ ಮೂವತ್ತೆಂಟು ತುಂಬಿತ್ತಷ್ಟೆ! ಅಡುಗೆಮನೆ ಗೊತ್ತಿದ್ದವರಿಗೆ ಹೊಸದೇನಲ್ಲ: ನಿನ್ನೆಯ ಹುಳಿಗೆ ಇವತ್ತು ಒಗ್ಗರಣೆ ಕೊಟ್ಟರೆ ರುಚಿ ಹೆಚ್ಚು. ಆದರೆ ನಾಳೆಗೂ ಅದನ್ನೇ ಕಾಯಿಸಲಾಗುವುದಿಲ್ಲ.

ಹಾಗಾಗಿ ಮುಪ್ಪಿನಿಂದ ಕಸುವು ಹೋಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬ್ಯಾಂಡು ಎಂಬುದು ಹರೆಯದ ಗೆಳೆತನ. ನಾಲ್ವರು ಒಂದು ಕೋಣೆಯಲ್ಲಿ, ಒಂದು ವ್ಯಾನಿನಲ್ಲಿ, ಒಂದೇ ಬ್ರೆಡ್ಡು ಹಂಚಿಕೊಂಡು, ಜಗಳವಾಡಿಕೊಂಡು ಇದ್ದಾಗ ಹಾಡು ಹುಟ್ಟುತ್ತದೆ. ಒಬ್ಬ ತಂದ ಧಾಟಿಯನ್ನು ಇನ್ನೊಬ್ಬ ಕೆಡಿಸುತ್ತಾನೆ, ಮೂರನೆಯವನು ಸುಮ್ಮನಿದ್ದು ಒಂದು ಪೆಟ್ಟು ಬಿಡುತ್ತಾನೆ. ದುಡ್ಡು ಬಂದ ಮೇಲೆ ಆ ಕೋಣೆ ಇರುವುದಿಲ್ಲ. ನಾಲ್ಕು ಮನೆ, ನಾಲ್ಕು ವಕೀಲರು. ಒಬ್ಬ ಕವಿಗೆ, ಒಬ್ಬ ಗವಾಯಿಗೆ ವಯಸ್ಸಾಗುವ ಹಾಗೆ ಬ್ಯಾಂಡಿಗೆ ವಯಸ್ಸಾಗುವುದಿಲ್ಲ, ಅದು ಒಡೆಯುತ್ತದೆ. ಒಡೆದದ್ದನ್ನು ಮತ್ತೆ ಜೋಡಿಸಿದಾಗ ಜೋಡಣೆಯಾಗುವುದು ಕರಾರು ಮಾತ್ರ. ಹಳೆಯ ಜಗಳಕ್ಕೆ ಮೊದಲೇ ತೇಪೆ ಹಾಕಿ, ಯಾರ ಕಾರು ಯಾವ ಬಾಗಿಲಿಗೆ ಬರಬೇಕೆಂದು ಗೊತ್ತು ಮಾಡಿ ಸ್ಟೇಜು ಹತ್ತಿಸುತ್ತಾರೆ. ಹಾಡು ಹುಟ್ಟಿಸುತ್ತಿದ್ದ ಜಗಳವೇ ಅಲ್ಲಿಗೆ ಮುಗಿಯಿತು.

ಮರುಕೂಟದ ಟೂರುಗಳ ಹೆಸರುಗಳನ್ನೇ ನೋಡಿ, ನಗು ಬರುತ್ತದೆ. 1980ರಲ್ಲಿ ಒಡೆದ ಈಗಲ್ಸ್, ನರಕ ಹೆಪ್ಪುಗಟ್ಟಿದರೆ ಮಾತ್ರ ಒಂದಾಗುತ್ತೇವೆ ಎನ್ನುತ್ತಿದ್ದವರು, 1994ರಲ್ಲಿ 'ಹೆಲ್ ಫ್ರೀಜಸ್ ಓವರ್' ಎಂದು ಹೆಸರಿಟ್ಟೇ ಒಂದಾದರು. ಸೆಕ್ಸ್ ಪಿಸ್ಟಲ್ಸ್ 1996ರಲ್ಲಿ ಬಂದಾಗ ಟೂರಿನ ಹೆಸರು 'ಫಿಲ್ತಿ ಲೂಕರ್', ಹೊಲಸು ಕಾಸು. ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದಿದ್ದ ಗನ್ಸ್ ಆ್ಯಂಡ್ ರೋಸಸ್ 2016ರಲ್ಲಿ 'ನಾಟ್ ಇನ್ ದಿಸ್ ಲೈಫ್‌ಟೈಮ್' ಎಂದೇ ಹೊರಟು, ಮೂರೂವರೆ ವರ್ಷದಲ್ಲಿ 58 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಮೂವರಲ್ಲಿ ಪಿಸ್ಟಲ್ಸ್ ಮೇಲೆ ನನಗೆ ಗೌರವ ಹೆಚ್ಚು. ಕಾಸಿಗೆ ಬಂದೆವು ಎಂದು ಬಾಗಿಲಲ್ಲೇ ಬೋರ್ಡು ತಗಲಿಸಿದವರನ್ನು ಏನೆಂದು ಬೈಯುವುದು?

ಕಾಸಿನ ಕಾರಣ ಬರೀ ದುರಾಸೆಯಲ್ಲ. ಹಾಡು ಬರೆದವನ ಆದಾಯ ಬೇರೆ, ನುಡಿಸಿದವನ ಆದಾಯ ಬೇರೆ. ಅಮೆರಿಕದ ರೇಡಿಯೊದಲ್ಲಿ ಹಾಡು ಬಂದಾಗ ಕಾಸು ಸೇರುವುದು ಬರೆದವನ ಪಾಲಿಗೆ. ಡ್ರಮ್ಸು ಬಾರಿಸಿದವನಿಗೆ ಬಿಡಿಗಾಸಿಲ್ಲ. 1999ರಲ್ಲಿ ನ್ಯಾಪ್‌ಸ್ಟರ್ ಬಂದು ಸಿಡಿ ಮಾರಾಟ ಕುಸಿದ ಮೇಲೆ ಬರೆಯದವನಿಗೆ ಉಳಿದದ್ದು ಸ್ಟೇಜು ಮಾತ್ರ. ಪೊಲೀಸ್ ಎಂಬ ಮೂವರ ಬ್ಯಾಂಡಿನ ಪ್ರಸಿದ್ಧ ಹಾಡುಗಳೆಲ್ಲ ಹೆಚ್ಚುಕಮ್ಮಿ ಅದರ ಹಾಡುಗಾರ ಸ್ಟಿಂಗ್ ಬರೆದವು. 2007ರಲ್ಲಿ ಆ ಮೂವರು ಮತ್ತೆ ಕೂಡಿ ವ್ಯಾಂಕೂವರಿನಲ್ಲಿ ಟೂರು ಶುರು ಮಾಡಿದರು. ಎರಡನೆಯ ರಾತ್ರಿ ತಾಳ ತಪ್ಪಿತು, ಆರಂಭ ತಪ್ಪಿತು, ಒಬ್ಬರು ಒಂದು ಕಡೆ ಇನ್ನೊಬ್ಬರು ಒಂದು ಕಡೆ. ಡ್ರಮ್ಮರ್ ಸ್ಟುವರ್ಟ್ ಕೋಪ್‌ಲೆಂಡ್ ಆ ರಾತ್ರಿಯ ಫಜೀತಿಯನ್ನು ತಾನೇ ಬರೆದು ಪ್ರಕಟಿಸಿಬಿಟ್ಟ, ಸ್ಟಿಂಗ್‌ನನ್ನೂ ಬಿಡದೆ ಗೇಲಿ ಮಾಡಿ. ಇಡೀ ಮರುಕೂಟದಲ್ಲಿ ನನಗೆ ಜೀವಂತ ಅನ್ನಿಸಿದ್ದು ಆ ಬರಹ. ಹಳೆಯ ಕೋಣೆಯ ಜಗಳ ಒಂದು ರಾತ್ರಿ ಕದ್ದು ಒಳಗೆ ಬಂದಿತ್ತು. ಆಮೇಲೆ ಎಲ್ಲ ಸರಿಹೋಯಿತು, ಟೂರು ಮುಗಿಯಿತು, ಒಂದು ಹೊಸ ಹಾಡೂ ಬರಲಿಲ್ಲ.

ಲೆಡ್ ಜೆಪ್ಲಿನ್‌ನ ಕತೆ ಬೇರೆ, ಅದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು. ಡ್ರಮ್ಮರ್ ಜಾನ್ ಬಾನಮ್ 1980ರ ಸೆಪ್ಟೆಂಬರಿನಲ್ಲಿ ಕುಡಿತಕ್ಕೆ ಬಲಿಯಾದಾಗ ಉಳಿದ ಮೂವರು ಬ್ಯಾಂಡನ್ನು ಮುಚ್ಚಿದರು. 1985ರ ಲೈವ್ ಏಡ್‌ನಲ್ಲಿ ಒಮ್ಮೆ ಕೂಡಿದರು. ಜಿಮ್ಮಿ ಪೇಜ್‌ನ ಗಿಟಾರು ಶ್ರುತಿ ತಪ್ಪಿತ್ತು, ರಾಬರ್ಟ್ ಪ್ಲಾಂಟ್‌ನ ಗಂಟಲು ಕಟ್ಟಿತ್ತು. ಮುಂದೆ ಆ ಕಾರ್ಯಕ್ರಮದ ಡಿವಿಡಿ ಬಂದಾಗ ತಮ್ಮ ಭಾಗ ಅದರಲ್ಲಿ ಬೇಡವೆಂದರು. ಆಮೇಲೆ 2007ರ ಡಿಸೆಂಬರ್ 10, ಲಂಡನ್ನಿನ ಓ-ಟೂ ಅರೀನಾ. ಬಾನಮ್‌ನ ಜಾಗದಲ್ಲಿ ಅವನ ಮಗ ಜೇಸನ್. ಇಪ್ಪತ್ತು ಸಾವಿರದಷ್ಟು ಸೀಟಿಗೆ ಎರಡು ಕೋಟಿ ಅರ್ಜಿ ಬಂದವೆಂದು ಸುದ್ದಿಯಾಯಿತು. ಆ ರಾತ್ರಿಯ ಚಿತ್ರ 'ಸೆಲೆಬ್ರೇಷನ್ ಡೇ' ನೋಡಿದವರಿಗೆ ಗೊತ್ತು: ಮರುಕೂಟವೊಂದು ಹೀಗೂ ಆಗಬಹುದು. ಪ್ಲಾಂಟ್ ಹಳೆಯ ಕಿರುಚನ್ನು ನಕಲು ಮಾಡಲು ಹೋಗಲಿಲ್ಲ. ಕೆಲವು ಹಾಡುಗಳ ಶ್ರುತಿ ಇಳಿಸಿಕೊಂಡಿದ್ದರು. ಇಳಿಸಿದ ಶ್ರುತಿಯಲ್ಲಿ ಆ ಹಾಡುಗಳಿಗೆ ಒಂದು ಕತ್ತಲೆ ಬಂದಿತ್ತು, ಎಪ್ಪತ್ತರ ದಶಕದ ರೆಕಾರ್ಡಿನಲ್ಲಿ ಇಲ್ಲದ್ದು.

ಮರುದಿನದಿಂದ ಜಗತ್ತು ಟೂರಿಗೆ ಕಾದು ಕೂತಿತು. ಪ್ಲಾಂಟ್ ಒಲ್ಲೆ ಅಂದ. ಪೇಜ್ ಮತ್ತು ಜಾನ್ ಪಾಲ್ ಜೋನ್ಸ್ ಬೇರೆ ಹಾಡುಗಾರರನ್ನು ಕರೆಸಿಯೂ ನೋಡಿದರು, ಕೂಡಿಬರಲಿಲ್ಲ. ಪ್ಲಾಂಟ್ ಅಷ್ಟು ಹೊತ್ತಿಗೆ ಅಲಿಸನ್ ಕ್ರೌಸ್ ಎಂಬ ಬ್ಲೂಗ್ರಾಸ್ ಗಾಯಕಿಯ ಜೊತೆ 'ರೇಸಿಂಗ್ ಸ್ಯಾಂಡ್' ತಂದಿದ್ದ. ಆಕೆಯ ದನಿಗೆ ದನಿ ಕೂಡಿಸುವುದನ್ನು ಅರವತ್ತರ ಅಂಚಿನಲ್ಲಿ ಕಲಿಯುತ್ತಿದ್ದ. ಜೀವಮಾನವಿಡೀ ಮುಂದೆ ನಿಂತು ಕೂಗಿದವನಿಗೆ ಪಕ್ಕಕ್ಕೆ ಸರಿದು ಮೆಲ್ಲಗೆ ಹಾಡುವುದು ಹೊಸ ವಿದ್ಯೆ. 2009ರಲ್ಲಿ ಅದಕ್ಕೆ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಬಂತು. ಬಹುಮಾನ ಬಾರದಿದ್ದರೂ ನನ್ನ ಅಭಿಪ್ರಾಯ ಇದೇ ಇರುತ್ತಿತ್ತು. ಅವನ ನಿರಾಕರಣೆಯನ್ನು ಸೊಕ್ಕು ಎಂದವರಿದ್ದಾರೆ. ಪೇಜ್‌ನ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಸ್ವಲ್ಪ ಕ್ರೌರ್ಯವೂ ಇದೆ, ಒಪ್ಪುತ್ತೇನೆ. ಆ ಗಿಟಾರಿಗೆ ಆ ಕಂಠ ಬೇಕಿತ್ತು, ಕಂಠಕ್ಕೆ ಗಿಟಾರು ಬೇಕಿರಲಿಲ್ಲ. ಪೇಜ್ ಆಮೇಲಿನ ವರ್ಷಗಳಲ್ಲಿ ಹೆಚ್ಚಾಗಿ ಹಳೆಯ ಟೇಪುಗಳನ್ನು ತಿಕ್ಕಿ ತೊಳೆದು ಮರುಪ್ರಕಟಣೆ ಮಾಡುವುದರಲ್ಲೇ ಕಳೆದ. ತನ್ನದೇ ಸಮಾಧಿಯ ಪೂಜಾರಿ. ಮಾತು ಕಟುವಾಯಿತೇನೋ, 'ಕಾಶ್ಮೀರ್' ಕಟ್ಟಿದ ಕೈಯನ್ನು ನೆನೆದಾಗ ಸಂಕಟದಿಂದಲೇ ಹೇಳಬೇಕಾಗುತ್ತದೆ.

ಹೆಸರು ಮಾಡದವರ ಮರುಕೂಟಗಳು ಹೆಚ್ಚು ಫಲ ಕೊಟ್ಟಿವೆ, ಇದು ಗಮನಿಸಬೇಕಾದ ಸಂಗತಿ. ಬಾಸ್ಟನ್ನಿನ ಮಿಷನ್ ಆಫ್ ಬರ್ಮಾ, ಗಿಟಾರಿಗ ರೋಜರ್ ಮಿಲ್ಲರ್‌ನ ಕಿವಿಯಲ್ಲಿ ಸದಾ ಗುಂಯ್‌ಗುಡುವ ಕಾಯಿಲೆ ಬಲಿತು 1983ರಲ್ಲಿ ನಿಂತುಹೋದ ಬ್ಯಾಂಡು. ಹತ್ತೊಂಬತ್ತು ವರ್ಷದ ಮೇಲೆ ಕೂಡಿದರು, ಮುಂದಿನ ಹತ್ತು ವರ್ಷದಲ್ಲಿ ಮೊದಲಿನದಕ್ಕಿಂತ ಎಷ್ಟೋ ಹೆಚ್ಚು ಹಾಡು ಮಾಡಿದರು. 2010ರಲ್ಲಿ ಮರಳಿದ ಸ್ವಾನ್ಸ್ ಬ್ಯಾಂಡು 2012ರ 'ದ ಸೀಯರ್' ಆಲ್ಬಮಿನಲ್ಲಿ ಹಿಂದೆ ಕನಸಿನಲ್ಲೂ ಎಣಿಸದ ಕಡೆಗೆ ಹೋಯಿತು. ಇವರ ಸಭೆಗೆ ಬಂದವರ ಕೈಯಲ್ಲಿ ಬೇಡಿಕೆಯ ಪಟ್ಟಿ ಇರಲಿಲ್ಲ. ಕ್ರೀಡಾಂಗಣ ತುಂಬಿಸಿದವನಿಗೆ ಆ ಸ್ವಾತಂತ್ರ್ಯ ಎಲ್ಲಿಯದು? ಹೊಸ ಹಾಡು ಶುರುವಾದ ಕೂಡಲೇ ಐವತ್ತು ಸಾವಿರದಲ್ಲಿ ಹತ್ತು ಸಾವಿರ ಜನ ಬಿಯರಿಗೋ ಪಾಯಿಖಾನೆಗೋ ಏಳುವುದು ಅವನ ಕಣ್ಣಿಗೆ ಬೀಳುತ್ತದೆ. ಅರಮನೆ ಮೈದಾನದಲ್ಲಿ ನಾನು ಹೊರಗೆ ಹೋಗಲಿಲ್ಲ, ಆದರೆ ಅಪರಿಚಿತ ಹಾಡು ಬಂದಾಗ ಚಪ್ಪಲಿ ಹುಡುಕಿದ್ದು ಆಗಲೇ.

ಒಬ್ಬಂಟಿಗಳ ಹಾದಿ ಬೇರೆ. ಬಾಬ್ ಡಿಲನ್ ಎಂಬತ್ತರ ದಶಕದ ಕೊನೆಗೆ ತನ್ನ ಹಾಡುಗಳು ತನಗೇ ಹೊರಗಿನವು ಎನ್ನಿಸಿದ ಸ್ಥಿತಿಯನ್ನು ಆತ್ಮಕಥೆ 'ಕ್ರಾನಿಕಲ್ಸ್'ನಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. 1990ರ ನಂತರ ಏಳು ವರ್ಷ ಸ್ವಂತ ಹಾಡಿನ ಆಲ್ಬಮ್ ಇಲ್ಲ. ಆ ನಡುವೆ ಅವನು ಮಾಡಿದ್ದು ಹಳೆಯ ಜನಪದ ಮತ್ತು ಬ್ಲೂಸ್ ಹಾಡುಗಳನ್ನು ಒಬ್ಬನೇ ಗಿಟಾರು ಹಿಡಿದು ಹಾಡಿದ ಎರಡು ಆಲ್ಬಮ್. ಬರೆಯಲಾಗದವನು ಮತ್ತೆ ಪಾಠಶಾಲೆಗೆ ಹೋಗಿ ಕೂತಂತೆ. 1997ರಲ್ಲಿ 'ಟೈಮ್ ಔಟ್ ಆಫ್ ಮೈಂಡ್' ಬಂದಾಗ ಕಂಠ ಹರಿದುಹೋಗಿತ್ತು, ಮತ್ತು ಹಾಡುಗಳು ಆ ಹರಿದ ಕಂಠಕ್ಕೇ ಬರೆದವಾಗಿದ್ದವು. ಹಿಂದೆ ಬರೆದ ಹಾಗೆ ಈಗ ಬರೆಯಬಲ್ಲಿರಾ ಎಂದು 2004ರಲ್ಲಿ ಟೀವಿಯವರು ಕೇಳಿದರೆ, ಇಲ್ಲ, ಈಗ ಬೇರೆ ಏನನ್ನೋ ಮಾಡಬಲ್ಲೆ ಎಂಬರ್ಥದಲ್ಲಿ ಉತ್ತರ ಕೊಟ್ಟ. 2020ರಲ್ಲಿ, ಎಪ್ಪತ್ತೊಂಬತ್ತರಲ್ಲಿ, 'ರಫ್ ಆ್ಯಂಡ್ ರೌಡಿ ವೇಸ್'. ಅದರ ಹದಿನೇಳು ನಿಮಿಷದಷ್ಟು ಉದ್ದದ ಹಾಡನ್ನು ನಾನು ಇಪ್ಪತ್ತೈದರ ಡಿಲನ್‌ನ ಯಾವ ಹಾಡಿಗೂ ಬಿಟ್ಟುಕೊಡುವುದಿಲ್ಲ. ಟೂರಿನಲ್ಲಿ ಬಹುಪಾಲು ಆ ಹೊಸ ಹಾಡುಗಳನ್ನೇ ಹಾಡಿದ; ಹಳೆಯದನ್ನು ಹಾಡಿದರೂ ಗುರುತು ಸಿಗದಂತೆ ಹಾಡುತ್ತಿದ್ದ. ಕಾಸು ಕೊಟ್ಟ ಜನ ಗೊಣಗುತ್ತಾರೆ. ಗೊಣಗಲಿ.

ರಾಕ್‌ನವರ ನಿಜವಾದ ಶತ್ರು ಮುಪ್ಪಲ್ಲ, ರೆಕಾರ್ಡು. ಮಲ್ಲಿಕಾರ್ಜುನ ಮನ್ಸೂರರು ಎಂಬತ್ತರ ಆಸುಪಾಸಿನಲ್ಲಿ ಧಾರವಾಡದಲ್ಲಿ ಕೂತು ಒಂದು ರಾಗ ಎತ್ತಿಕೊಂಡರೆ ಅವರ ಎದುರು ಯಾರ ಹಳೆಯ ತಟ್ಟೆಯೂ ಕೂತು ತಕರಾರು ಮಾಡುತ್ತಿರಲಿಲ್ಲ; ರಾಗ ಯಾವತ್ತೂ ಮುಗಿದ ವಸ್ತುವಲ್ಲ. ಗಂಗೂಬಾಯಿ ಹಾನಗಲ್ಲರ ಕಂಠ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾಯಿತು. ಮೊದಲಿನ ಎಳೆಗಂಠಕ್ಕೆ ಅಳುತ್ತ ಕೂರದೆ ಆ ಗಡುಸನ್ನೇ ಅವರು ತಮ್ಮ ಗುರುತು ಮಾಡಿಕೊಂಡರು. ರಾಕ್‌ನಲ್ಲಿ ಹಾಡು ಎಂದರೆ 1971ರ ಒಂದು ಮಧ್ಯಾಹ್ನ ಟೇಪಿಗೆ ಬಿದ್ದದ್ದು, ನಡುವೆ ಬಂದ ಕೆಮ್ಮಿನ ಸಮೇತ. ಮುಂದಿನ ಐವತ್ತು ವರ್ಷ ಹಾಡುಗಾರ ತನ್ನದೇ ಹರೆಯದ ಜೊತೆ ಪಂದ್ಯಕ್ಕಿಳಿಯಬೇಕು. ಹರೆಯಕ್ಕೆ ದಣಿವಿಲ್ಲ.

ಲೆನಾರ್ಡ್ ಕೋಹೆನ್ ಆ ಪಂದ್ಯಕ್ಕೆ ಇಳಿಯಲೇ ಇಲ್ಲ. ಅವನನ್ನು ರಾಕ್‌ನವನೆನ್ನುವುದೇ ಸಾಹಸ, ಆದರೂ ಪಾಠ ಅಲ್ಲಿದೆ. ಮ್ಯಾನೇಜರು ಜೀವಮಾನದ ಉಳಿತಾಯ ನುಂಗಿದ ಮೇಲೆ 2008ರಲ್ಲಿ, 73ರ ವಯಸ್ಸಿನಲ್ಲಿ, ಕಾಸಿಗಾಗಿಯೇ ಟೂರು ಹೊರಟ. ಅಂದರೆ ಕಾಸಿಗಾಗಿ ಹಾಡಿದರೆ ಕಲೆ ಕೆಡುತ್ತದೆ ಎಂಬ ಮಾತೂ ಅಷ್ಟು ಸರಿಯಲ್ಲ. ಸ್ಟೇಜಿನಲ್ಲಿ ಮಂಡಿಯೂರುತ್ತಿದ್ದ, ವಾದ್ಯದವರ ಸರದಿ ಬಂದಾಗ ಟೋಪಿ ತೆಗೆದು ಎದೆಗೆ ಹಿಡಿದು, ತಾನೂ ಕೇಳಲು ಬಂದವನಂತೆ ನಿಲ್ಲುತ್ತಿದ್ದ. ಕಂಠ ಇಳಿದಿಳಿದು ಕೊನೆಗೆ ಬಾವಿಯ ತಳದ ಸದ್ದಾಯಿತು. ಬದುಕಿರುವಾಗ ಬಂದ ಕೊನೆಯ ಆಲ್ಬಮನ್ನು ಬೆನ್ನುಮೂಳೆಯ ತೊಂದರೆಯಿಂದ ಓಡಾಡಲಾಗದೆ ಮನೆಯ ಹಾಲಿನಲ್ಲೇ, ರೋಗಿಗಳ ಕುರ್ಚಿಯಲ್ಲಿ ಕೂತು ಹಾಡಿದ, ಮಗ ರೆಕಾರ್ಡು ಮಾಡಿಕೊಂಡ. 2016ರ ಅಕ್ಟೋಬರ್ 21ಕ್ಕೆ ಅದು ಬಂತು. ನವೆಂಬರ್ 7ಕ್ಕೆ ಅವನು ಹೋದ.

ಈಚಿನ ದಿನಗಳಲ್ಲಿ ಮುಪ್ಪನ್ನೇ ಅಳಿಸುವ ಉಪಾಯವೂ ಬಂದಿದೆ. 2022ರಿಂದ ಲಂಡನ್ನಿನಲ್ಲಿ ಅಬ್ಬಾದ ನಾಲ್ವರ ಡಿಜಿಟಲ್ ಬೊಂಬೆಗಳು ಹರೆಯದ ರೂಪದಲ್ಲಿ ಕುಣಿಯುತ್ತಿವೆ. ಜಾನ್ ಲೆನನ್ ಮನೆಯಲ್ಲಿ ಹಾಡಿಟ್ಟಿದ್ದ ಕ್ಯಾಸೆಟ್ಟಿನಿಂದ ಕಂಪ್ಯೂಟರಿನ ಸಹಾಯದಲ್ಲಿ ದನಿ ಬಿಡಿಸಿ 2023ರಲ್ಲಿ ಬೀಟಲ್ಸ್ ಹೆಸರಿನಲ್ಲಿ 'ನೌ ಆ್ಯಂಡ್ ದೆನ್' ತಂದರು. ಸತ್ತ ಇಬ್ಬರ ಜೊತೆ ಬದುಕಿದ ಇಬ್ಬರ ಮರುಕೂಟ. ಇವುಗಳ ಬಗ್ಗೆ ಹೆಚ್ಚು ಹೇಳಲು ನನಗೇನೂ ಇಲ್ಲ. 2025ರಲ್ಲಿ ಹದಿನಾರು ವರ್ಷದ ಜಗಳ ಮರೆತು ಬಂದ ಓಯಸಿಸ್ ಅಣ್ಣತಮ್ಮಂದಿರು ಕೂಡ ಒಂದು ಬಗೆಯ ಬೊಂಬೆಯಾಟವನ್ನೇ ಆಡಿದರು ಎಂದರೆ ಅಭಿಮಾನಿಗಳು ಹೊಡೆದಾರು. ಊರಿಂದೂರಿಗೆ ಅದೇ ಪಟ್ಟಿ, ಅದರಲ್ಲಿ 2002ರ ಈಚಿನ ಹಾಡು ಒಂದೂ ಇಲ್ಲ. ತಮ್ಮ ಲಿಯಮ್ ಚೆನ್ನಾಗಿಯೇ ಹಾಡಿದ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಳುತ್ತ ಹಾಡಿದ ಅಪ್ಪಂದಿರನ್ನು ನೋಡಿದರೆ ಅವರ ಸುಖವನ್ನು ಹಳಿಯಲು ಮನಸ್ಸಾಗುವುದಿಲ್ಲ. ಅದು ಸಂಗೀತಕ್ಕಿಂತ ಹೆಚ್ಚಾಗಿ ಜಾತ್ರೆ, ಜಾತ್ರೆಗೆ ಅದರದೇ ಪುಣ್ಯವಿದೆ.

ಸ್ಟೋನ್ಸ್ ವಿಷಯಕ್ಕೆ ಇನ್ನೊಂದು ಮಾತು ಬಾಕಿಯಿದೆ. 2023ರಲ್ಲಿ ಅವರ 'ಹ್ಯಾಕ್ನಿ ಡೈಮಂಡ್ಸ್' ಬಂತು, ಹದಿನೆಂಟು ವರ್ಷದ ಮೇಲೆ ಸ್ವಂತ ಹಾಡುಗಳ ಆಲ್ಬಮ್. ಆ್ಯಂಡ್ರ್ಯೂ ವಾಟ್ ಎಂಬ ಯುವಕ ಅದನ್ನು ಮಿರಿ ಮಿರಿ ಮಿಂಚುವಂತೆ ಮಾಡಿದ್ದಾನೆ. ಜಾಗರ್‌ನ ದನಿ ನಲವತ್ತರ ದನಿಯಂತಿದೆ. ವಿಮರ್ಶಕರು ಹೊಗಳಿದರು. ನಾನು ಎರಡು ಸಲ ಕೇಳಿ ಬದಿಗಿಟ್ಟೆ, ಕೊನೆಯ ಹಾಡೊಂದನ್ನು ಬಿಟ್ಟು. ಅದು ಮಡ್ಡಿ ವಾಟರ್ಸ್‌ನ ಹಾಡು, ಅದಕ್ಕೂ ಅರವತ್ತೊಂದು ವರ್ಷ ಮೊದಲು ಅವರು ಹೆಸರು ಕದ್ದ ಹಾಡು. ಡ್ರಮ್ಸಿಲ್ಲ, ಬೇಸಿಲ್ಲ, ಕೀತ್‌ನ ಗಿಟಾರು ಮತ್ತು ಜಾಗರ್‌ನ ಮೌತಾರ್ಗನ್, ಕಂಠ. ಎಂಬತ್ತರ ಆಸುಪಾಸಿನ ಇಬ್ಬರು ಮುದುಕರು ತಮ್ಮ ಗುರುವಿನ ಪಾಠ ಒಪ್ಪಿಸುತ್ತಿದ್ದಾರೆ. ಮೂರು ನಿಮಿಷವೂ ಇಲ್ಲ. ಅಂಥದೇ ಒಂದು ಇಡೀ ಆಲ್ಬಮ್ ಕೊಡಲು ಅವರಿಗೆ ಯಾರೂ ಹೇಳಲಿಲ್ಲವೇ?

ಕೊನೆಗೆ ಬರ್ಮಿಂಗ್‌ಹ್ಯಾಮ್. ಟೋನಿ ಐಯೋಮಿ ಹದಿನೇಳರ ಹುಡುಗನಾಗಿದ್ದಾಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವ ಕೊನೆಯ ದಿನ ಯಂತ್ರ ಅವನ ಬಲಗೈಯ ಎರಡು ಬೆರಳ ತುದಿ ಕತ್ತರಿಸಿತು. ಎಡಚನಾದ್ದರಿಂದ ಗಿಟಾರಿನ ತಂತಿ ಒತ್ತುವ ಕೈ ಅದೇ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೋಪಿ ಮಾಡಿ, ಮೇಲೆ ತೊಗಲು ಅಂಟಿಸಿಕೊಂಡ. ನೋವಾಗದಿರಲೆಂದು ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಸಡಿಲಿಸಿದ. ಸಡಿಲ ತಂತಿಯ ಆ ಭಾರವಾದ ಗುಡುಗಿನಿಂದ ಬ್ಲ್ಯಾಕ್ ಸಬ್ಬತ್ ಬಂತು, ಅದರ ಹಿಂದೆ ಹೆವಿ ಮೆಟಲ್ ಎಂಬ ಇಡೀ ಕುಲ. ದೇಹ ಕೈಕೊಟ್ಟಲ್ಲಿಂದಲೇ ಹೊಸ ದನಿ ಹುಟ್ಟಿತ್ತು, ಅದೂ ಹರೆಯದಲ್ಲಿ. ಮುಪ್ಪಿಗೆ ಹೆದರಿ ಶ್ರುತಿ ತಿದ್ದುವ ಪೆಟ್ಟಿಗೆಗಳ ಹಿಂದೆ ಅಡಗುವ ಹಾಡುಗಾರರು ಈ ಕತೆಯನ್ನು ಕೇಳದವರೇನಲ್ಲ.

2025ರ ಜುಲೈ 5ರಂದು, ತಾವು ಬೆಳೆದ ಆ್ಯಸ್ಟನ್ ಕೇರಿಯ ವಿಲ್ಲಾ ಪಾರ್ಕ್ ಮೈದಾನದಲ್ಲಿ ಸಬ್ಬತ್‌ನ ಮೊದಲ ನಾಲ್ವರು ಕೊನೆಯ ಸಲ ಕೂಡಿದರು. ಬಿಲ್ ವಾರ್ಡ್ ಅಂಗಿ ಬಿಚ್ಚಿ ಬರಿಮೈಯಲ್ಲಿ ಡ್ರಮ್ಸಿನ ಹಿಂದೆ ಕೂತ, ಇಳಿಬಿದ್ದ ಎದೆಯನ್ನು ಮುಚ್ಚುವ ಗೋಜಿಗೇ ಹೋಗದೆ. ಗೀಜರ್ ಬಟ್ಲರ್ ಮತ್ತು ಐಯೋಮಿ ಇಬ್ಬದಿಗೆ. ಆಜ್ಜಿ ಆಜ್ಬರ್ನ್‌ಗೆ 76, ಪಾರ್ಕಿನ್ಸನ್ ಕಾಯಿಲೆ, ನಿಲ್ಲಲಾಗುತ್ತಿರಲಿಲ್ಲ. ಕರಿಯ ಸಿಂಹಾಸನವೊಂದರಲ್ಲಿ ಕೂರಿಸಿ ಅವನನ್ನು ಸ್ಟೇಜಿಗೆ ತಂದರು. ದನಿ ಅಲ್ಲಲ್ಲಿ ತಪ್ಪಿತು. ಕಣ್ಣು ಅರಳಿಸಿ, ಹಿಡಿಕೆ ಬಿಗಿಹಿಡಿದು, ಏಳಲು ನೋಡಿ ಏಳಲಾಗದೆ, ಕೂತಲ್ಲಿಂದಲೇ ಮೈದಾನವನ್ನು ಕುಣಿಸಿದ. ಸಬ್ಬತ್ ಹಾಡಿದ್ದು ನಾಲ್ಕೇ ಹಾಡು. ನೋಡುತ್ತಿದ್ದ ನನ್ನ ಕರಾವಳಿಯ ಗೆಳೆಯ, ರಾಕ್‌ನ ಗಂಧಗಾಳಿ ಇಲ್ಲದವನು, ಫೋನಿನ ಪರದೆಗೆ ಇನ್ನಷ್ಟು ಬಗ್ಗಿ ಕೇಳಿದ: "ಇದು ಪೀಠಿಕೆ ವೇಷ ಅಲ್ವಾ ಮಾರಾಯ?"

ಹದಿನೇಳು ದಿನದ ಮೇಲೆ ಆಜ್ಜಿ ತೀರಿಕೊಂಡ.